ಅರ್ಕಾವತಿಯ ಬೆನ್ನು ಬಿಚ್ಚಿದವರು

"ಮುಟ್ಬ್ಯಾಡಿ ಕಣವ್ವಾ. ಏನೂ ಮುಟ್ಟಂಗಿಲ್ಲ ಅಂತ ಪೊಲೀಸ್ನೋರು ಹೇಳ್ಬುಟ್ಟು ಹೋಗವ್ರೆ."

"ಮತ್ತೆ ನಾನ್ಯಾರು? ಸೊಪ್ಪು ಮಾರೋಳಾ?" ಎಂದವರೇ ಗಿರಿಜಾಂಬ ಗಿಟಾರನ್ನು ಮುಟ್ಟಿಯೇ ಬಿಟ್ಟರು.

ದೊಡ್ಡಲಕ್ಷ್ಮಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಹಿಂದೆ ಸರಿದಳು. ಆ ಮನೆಯಲ್ಲಿ ಅಡುಗೆ ಮಾಡಿಕೊಂಡೇ ತಲೆ ನರೆಸಿಕೊಂಡವಳು. ಯಾರ ಮುಂದೆ ಹಟ ಹಿಡಿಯಬಹುದು, ಯಾರ ಮುಂದೆ ಹಿಡಿಯಬಾರದು ಎಂಬುದು ಅವಳಿಗೆ ಗೊತ್ತಿತ್ತು. ಗಿರಿಜಾಂಬ ರಾಮನಗರದ ಅಪರಾಧ ವಿಭಾಗದಲ್ಲಿ ಎಎಸ್‌ಐ ಆಗಿದ್ದು ನಿವೃತ್ತರಾದವರು. ಖಾಕಿ ಬಿಚ್ಚಿಟ್ಟಿದ್ದರೂ ಅವರ ಕಣ್ಣು ಇನ್ನೂ ಡ್ಯೂಟಿ ಮುಗಿಸಿರಲಿಲ್ಲ.

ಮೇಜಿನ ಮೇಲೆ ಬೋರಲು ಮಲಗಿದ್ದದ್ದು ಅರ್ಕಾವತಿ. ನದಿಯಲ್ಲ, ಗಿಟಾರು.

ಚನ್ನಪಟ್ಟಣದ ರೇಷ್ಮೆ ನೂಲಿನ ವ್ಯಾಪಾರಿ ರೇಣುಕಾಪ್ರಸಾದ್ ತಾವು ಕೂಡಿಟ್ಟ ಹಳೆಯ ಜಪಾನಿ ಎಲೆಕ್ಟ್ರಿಕ್ ಗಿಟಾರುಗಳಿಗೆಲ್ಲ ಸುತ್ತಲಿನ ಹೊಳೆಗಳ ಹೆಸರಿಟ್ಟಿದ್ದರು. ಗೋಡೆಯ ಮೇಲೆ ಶಿಂಷಾ ಇದ್ದಳು, ಕಣ್ವ ಇದ್ದಳು. ಬಣ್ಣವೆಲ್ಲ ಕೆಟ್ಟು ನೊರೆಗಟ್ಟಿದಂತಿದ್ದ ಒಂದಕ್ಕೆ ಆ ಹೊಳೆಯ ಕೊಳೆನೀರು ಸೇರುವ ಬೈರಮಂಗಲದ ಕೆರೆ ನೆನಪಾಗಿ ವೃಷಭಾವತಿ ಎಂದೇ ಹೆಸರಾಗಿತ್ತು. ಎಲ್ಲವೂ ಎಪ್ಪತ್ತರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿ, ಹಡಗಿನಲ್ಲಿ ಮದರಾಸಿಗೆ ಬಂದು, ಮದುವೆಮನೆ ಆರ್ಕೆಸ್ಟ್ರಾಗಳಲ್ಲಿ ದುಡಿದು ಸುಸ್ತಾಗಿ, ಯಾರದೋ ಅಟ್ಟದಲ್ಲಿ ಗೆದ್ದಲಿಗೆ ಕಾದು ಕೂತಿದ್ದವು. ಹುಡುಕಿ ತರುವುದು ರೇಣುಕಾಪ್ರಸಾದರ ಹುಚ್ಚು. ಅವನ್ನು ಮತ್ತೆ ಹಾಡಿಸುವುದು ಸಿದ್ದರಾಮುವಿನ ಕಸುಬು. ಮೈ ಹಳೆಯದೇ ಇರಬೇಕು. ಒಳಗೆ ಮಾತ್ರ ಹೊಸ ವೈರು, ಶ್ರುತಿ ಜಾರದ ಹೊಸ ಬಿರಡೆ, ತಂತಿಯ ದನಿ ಹಿಡಿಯುವ ಹೊಸ ಪಿಕಪ್ಪು.

ಆ ಸಿದ್ದರಾಮು ಗಿರಿಜಾಂಬ ಅವರ ಅಳಿಯ, ಒಬ್ಬಳೇ ಮಗಳ ಗಂಡ. ನಿನ್ನೆ ಸಂಜೆಯಿಂದ ಚನ್ನಪಟ್ಟಣದ ಲಾಕಪ್ಪಿನಲ್ಲಿದ್ದಾನೆ. ಇವತ್ತು ಸಂಜೆ ಕೋರ್ಟಿಗೆ ಹಾಜರುಪಡಿಸುತ್ತಾರೆ. ಅಷ್ಟರೊಳಗೆ ಏನಾದರೂ ಸಿಗದಿದ್ದರೆ ಅವನು ನೇರ ಜೈಲಿಗೆ.

ಮಂಗಳವಾರ ಮಧ್ಯಾಹ್ನ ಇದೇ ಕೋಣೆಯ ಹೊರಗಿನ ಮೆಟ್ಟಿಲ ಬುಡದಲ್ಲಿ ರೇಣುಕಾಪ್ರಸಾದ್ ತಲೆ ಒಡೆದುಕೊಂಡು ಬಿದ್ದಿದ್ದರು. ಈಗ ಬೆಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಾರೆ. ಮನೆಯಿಂದ ಕಾಣೆಯಾದದ್ದು ಒಂದೇ ವಸ್ತು: ಒಂದು ಬಿಸ್ಕತ್ತಿನ ಡಬ್ಬಿ.

ಡಬ್ಬಿಯೆಂದರೆ ನಗಬೇಡಿ. ಈ ಸಂಗ್ರಹಕಾರರಲ್ಲಿ ಒಂದು ಕಟ್ಟುಪಾಡಿದೆ. ಹೊಸದನ್ನು ಎಷ್ಟಾದರೂ ಹಾಕು, ಬಿಚ್ಚಿದ ಹಳೆಯದನ್ನು ಮಾತ್ರ ಎಸೆಯಬೇಡ. ಪ್ರತಿ ಗಿಟಾರಿಗೂ ಒಂದು ಡಬ್ಬಿ. ಅದರ ಹಳೆಯ ಪಿಕಪ್ಪು, ಬಿರಡೆ, ತುಕ್ಕು ಹಿಡಿದ ಸ್ಪ್ರಿಂಗು ಎಲ್ಲವೂ ಅದರಲ್ಲಿ. ಡಬ್ಬಿ ಇಲ್ಲದ ಗಿಟಾರು ಜಾತಕ ಇಲ್ಲದ ಗಂಡಿನ ಹಾಗೆ ಎಂದು ರೇಣುಕಾಪ್ರಸಾದ್ ಹೇಳುತ್ತಿದ್ದರಂತೆ. ಕಳೆದುಹೋದದ್ದು ಅರ್ಕಾವತಿಯ ಡಬ್ಬಿ. ಕೋಣೆಯ ಕೀ ಇದ್ದದ್ದು ಇಬ್ಬರ ಹತ್ತಿರ ಮಾತ್ರ, ಯಜಮಾನರ ಹತ್ತಿರ ಒಂದು, ಸಿದ್ದರಾಮು ಹತ್ತಿರ ಒಂದು. ಪೊಲೀಸರ ಲೆಕ್ಕ ಸಲೀಸಾಗಿತ್ತು: ಅವನು ಹಳೆಯ ಭಾಗಗಳನ್ನು ಕದ್ದು ಮಾರುತ್ತಿದ್ದ, ಸಿಕ್ಕಿಬಿದ್ದ, ತಳ್ಳಿದ. ಅವತ್ತು ತಾನು ತಿಪ್ಪಸಂದ್ರಕ್ಕೆ ಹಳೆಯ ಗಿಟಾರೊಂದನ್ನು ನೋಡಲು ಹೋಗಿದ್ದೆ, ಆ ಮನೆಗೆ ಬೀಗ ಹಾಕಿತ್ತು, ವಾಪಸ್ ಬಂದೆ ಎಂದು ಸಿದ್ದರಾಮು ಹೇಳಿದ್ದನ್ನು ನಂಬಲು ಒಂದು ನರಪಿಳ್ಳೆಯ ಸಾಕ್ಷಿಯೂ ಇರಲಿಲ್ಲ.

"ಅವ್ರು ಕದಿಯೋರಲ್ಲ ಅಲ್ವಾಮ್ಮ?" ಎಂದು ಬೆಳಗ್ಗೆ ಮಗಳು ಸೌಮ್ಯಶ್ರೀ ಕೇಳಿದ್ದಳು. ಕಾಫಿ ಲೋಟ ಕೊಡುವಾಗ ಅವಳ ಹೆಬ್ಬೆರಳಿನ ಉಗುರಂಚಿಗೆ ಯಾವುದೋ ಔಷಧಿಯ ಕೆಂಪು ಅಂಟಿತ್ತು. ಚನ್ನಪಟ್ಟಣದ ಒಂದು ನರ್ಸಿಂಗ್ ಹೋಮಿನಲ್ಲಿ ಅವಳು ನರ್ಸು. ರಾತ್ರಿಯೆಲ್ಲ ಅತ್ತು ಕಣ್ಣು ಊದಿಸಿಕೊಂಡಿದ್ದಳು. ಅವನನ್ನು ಬಿಡಿಸಿಕೊಂಡು ಬರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೇ ಗಿರಿಜಾಂಬ ಮನೆ ಬಿಟ್ಟಿದ್ದರು. ಜಾತಿ ಬೇರೆ ಎಂದು ನೆಂಟರೆಲ್ಲ ಮೂತಿ ತಿರುಗಿಸಿದಾಗ ತಾವೇ ಮುಂದೆ ನಿಂತು ಮಾಡಿಸಿದ ಮದುವೆ ಅದು.

ಅವರು ಕನ್ನಡಕ ಏರಿಸಿ ಗಿಟಾರಿನ ಬೆನ್ನಿಗೆ ಬಗ್ಗಿದರು.

ವೈರಿಂಗ್ ಮುಚ್ಚುವ ಕಪ್ಪು ಪ್ಲೇಟು. ಅದರ ಸ್ಕ್ರೂಗಳಲ್ಲಿ ಎರಡು ಮೇಜಿನ ಮೇಲೆ ಬಿದ್ದಿದ್ದವು, ಮಿಕ್ಕವು ಜಾಗದಲ್ಲಿದ್ದವು. ಎಲ್ಲದರ ತಲೆಯೂ ಹೆಗ್ಗಣ ಕಡಿದ ಹಾಗೆ ಕಿತ್ತುಹೋಗಿತ್ತು.

"ಲಕ್ಷ್ಮಮ್ಮ, ಇದನ್ನ ಪೊಲೀಸ್ನೋರು ಬಿಚ್ಚಿದ್ರಾ?"

"ಇಲ್ಲ ಕಣವ್ವ. ಫೋಟೋ ಹೊಡ್ಕೊಂಡು ಹೋದ್ರು ಅಷ್ಟೇಯ."

ಯುಗಾದಿಯ ಹಿಂದಿನ ದಿನ ಮನೆಯ ಮಿಕ್ಸಿ ಕೆಟ್ಟು, ಎಲ್ಲರೂ ಒಬ್ಬೊಬ್ಬರಾಗಿ ಅದರ ತಳ ಬಿಚ್ಚಲು ಹೋಗಿ ಸೋತಾಗ, ಅಳಿಯ ನಗುತ್ತ ಕೂತು ಹೇಳಿಕೊಟ್ಟ ಪಾಠ ಗಿರಿಜಾಂಬ ಅವರಿಗೆ ನೆನಪಾಯಿತು. ಜಪಾನಿನ ಸ್ಕ್ರೂವೂ ನಮ್ಮ ಸ್ಕ್ರೂವೂ ನೋಡಲು ಒಂದೇ ಪ್ಲಸ್ ಗುರುತು. ಆದರೆ ಅದರ ಕಚ್ಚು ಬೇರೆ, ಆಳ ಬೇರೆ. ನಮ್ಮ ಸ್ಕ್ರೂಡ್ರೈವರ್ ಅದರಲ್ಲಿ ಕೂರುವುದಿಲ್ಲ. ಜಾರುತ್ತದೆ, ತಲೆ ತಿನ್ನುತ್ತದೆ. ಗಿಟಾರಿಗೆ ಕೈ ಹಾಕುವ ಮುಂಚೆ ಸಿದ್ದರಾಮು ರಾಮನಗರದಲ್ಲಿ ಹಳೆಯ ಜಪಾನಿ ಬೈಕುಗಳ ಮೆಕ್ಯಾನಿಕ್ ಆಗಿದ್ದ. ಆ ಕಾಲದ ಕೆಂಪು ಹಿಡಿಯ ಜಪಾನಿ ಸ್ಕ್ರೂಡ್ರೈವರ್ ಅವನಿಗೆ ಮನೆದೇವರು. "ಇದನ್ನ ಯಾರ್ಗೂ ಕೊಡಾಕಿಲ್ಲ ಅತ್ತೆ, ನಿಮ್ಮ ಮಗಳಿಗೂ ಕೊಡಾಕಿಲ್ಲ," ಎಂದಿದ್ದ.

ಆ ಕೆಂಪು ಹಿಡಿ ಅಲ್ಲೇ ಗೋಡೆಯ ಮೇಲೆ, ಕೈಗೆ ಎಟುಕುವಂತೆ ತೂಗುತ್ತಿತ್ತು.

ಅದನ್ನು ಬಿಟ್ಟು ಪಕ್ಕದ ಸಾದಾ ಸ್ಕ್ರೂಡ್ರೈವರನ್ನು ತೆಗೆದುಕೊಂಡವರು ಯಾರು? ಸಿದ್ದರಾಮು ಅಲ್ಲವೇ ಅಲ್ಲ. ಕತ್ತು ಹಿಸುಕಿದರೂ ಅವನ ಕೈ ಆ ತಪ್ಪು ಮಾಡಲಾರದು.

ಗಿರಿಜಾಂಬ ಒಂದು ಸ್ಕ್ರೂವನ್ನು ಕರವಸ್ತ್ರದಲ್ಲಿ ಎತ್ತಿಕೊಂಡು, ಗಿಟಾರನ್ನು ಮೆಲ್ಲಗೆ ಅಂಗಾತ ಮಾಡಿದರು. ದನಿ ಏರಿಸಿ ಇಳಿಸುವ ಗುಂಡಿಗಳು ಹೊಸವು, ಕುಂಕುಮದಷ್ಟು ಕೆಂಪು. ಚನ್ನಪಟ್ಟಣದ ಆಟದ ಸಾಮಾನಿನ ಹೊಳಪು. ಅವುಗಳಲ್ಲಿ ಒಂದರ ಹೊಳಪು ಸತ್ತು, ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದ ಹಾಗೆ ಮಸುಕಾದ ಕಲೆ ಬಿದ್ದಿತ್ತು. ಮೂಸಿದರು. ವಾಸನೆ ಏನೂ ಉಳಿದಿರಲಿಲ್ಲ. ಆ ಗುಂಡಿಯನ್ನೂ ಕಿತ್ತು ಬ್ಯಾಗಿಗೆ ಹಾಕಿಕೊಂಡರು.

"ಸೋಮವಾರ ಯಾರಾದ್ರೂ ಬಂದಿದ್ರಾ?"

"ಕನಕಪುರದ ಗಣೇಶಪ್ಪ ಬಂದಿತ್ತಲ್ಲ. ಈ ಕೆಂಪ್ನೆ ಗುಂಡಿದನ್ನ ಡಬ್ಬಿ ಸಮೇತ ಕೊಡಿ ಅಂತ ಒಂದೇ ಸಮ. ಅಯ್ನೋರು ಕೊಡಲ್ಲ ಅಂದ್ರು. ಆವಯ್ಯ ಕೂಗಾಡ್ಕೊಂಡು ಹೋಯ್ತು."

"ಮಂಗಳವಾರ?"

"ನಾನು ರೇಷನ್ ಅಂಗಡಿಗೆ ಹೋಗಿದ್ದೆ ಕಣವ್ವ. ಬಂದು ನೋಡ್ತೀನಿ, ಅಯ್ನೋರು..." ಎಂದು ಅವಳು ಅಳಲು ಶುರುಮಾಡಿದಳು.

*

ಆ ಗುಂಡಿಗಳನ್ನು ಮಾಡಿಕೊಟ್ಟ ಹಮೀದಾಳ ಆಟಿಕೆ ಕಾರ್ಖಾನೆಯಲ್ಲಿ ಲೇತ್ ಮಷೀನುಗಳೆಲ್ಲ ಒಟ್ಟಿಗೆ ತಿರುಗುತ್ತಿದ್ದವು. ಹಾಲೆಮರದ ಪುಡಿ ಗಾಳಿಯಲ್ಲೆಲ್ಲ ತುಂಬಿತ್ತು. ಹಮೀದಾ ಯಜಮಾನಿ. ಅವಳ ಬುಗುರಿಗಳು ವಿಮಾನ ಹತ್ತುತ್ತವೆ, ಅದನ್ನು ಅವಳು ಸಿಕ್ಕಿದವರಿಗೆಲ್ಲ ಹೇಳುತ್ತಾಳೆ.

ಗುಂಡಿಯನ್ನು ನೋಡಿದ ಕೂಡಲೇ ಅವಳ ಮುಖ ಕೆಂಪಾಯಿತು.

"ಅರೆ! ಯಾರಕ್ಕ ಇದನ್ನ ಹಾಳು ಮಾಡ್ದೋರು? ಭಾನುವಾರ ಕಡೆದು, ಅರಗು ಹಾಕಿ, ತಾಳೆಗರಿಲಿ ಉಜ್ಜಿ, ಕನ್ನಡಿ ಥರ ಮಾಡಿ ಕೊಟ್ಟಿದ್ದೆ. ಸಿದ್ದರಾಮು ಅವತ್ತೇ ಹಾಕ್ಬಿಟ್ಟು ಫೋನು ಮಾಡಿದ್ದ, ಮದುವೆ ಹೆಣ್ಣಿನ ಥರಾ ಕಾಣ್ತೈತೆ ಅಂತ."

"ಕೈ ಬೆವರಿಗೆ ಹಿಂಗಾಗುತ್ತಾ?"

"ಬೆವರಿಗಾ? ಮಕ್ಕಳು ಬಾಯಿಗೆ ಇಟ್ಕೊಂಡು ಚೀಪಿದ್ರೂ ನನ್ನ ಬಣ್ಣ ಬಿಡಲ್ಲ ಅಕ್ಕ. ನೀರಿಗೆ ಬಿಡಲ್ಲ, ಎಣ್ಣೆಗೆ ಬಿಡಲ್ಲ. ಅರಗಿಗೆ ಒಂದೇ ಶತ್ರು. ಸ್ಪಿರಿಟ್ಟು." ಅವಳು ಒಂದು ಬಾಟ್ಲಿ ತಂದು ಬಟ್ಟೆಗೆ ತಾಗಿಸಿ, ಕಸದ ಬುಟ್ಟಿಯಲ್ಲಿದ್ದ ಒಡಕು ಗುಂಡಿಗೆ ಒತ್ತಿದಳು. ಹೊಳಪು ಸತ್ತಿತು, ಅದೇ ಮಸುಕು ಕಲೆ ಬಿತ್ತು. "ಸ್ಪಿರಿಟ್ ಹಸಿ ಇರೋ ಕೈಲಿ ಯಾರೋ ಗಟ್ಟಿಯಾಗಿ ಹಿಡ್ಕೊಂಡವ್ರೆ. ಪ್ಲಾಸ್ಟಿಕ್ ಅಂದ್ಕೊಂಡಿರ್ಬೇಕು. ಅವರ ಉಗುರು ನೋಡಿ, ನಮ್ಮದರ ಥರಾನೇ ಇರ್ತದೆ. ವಾರ ಆದ್ರೂ ಹೋಗಲ್ಲ."

ಅವಳು ಕೈ ಚಾಚಿದಳು. ಉಗುರಂಚಿನಲ್ಲೆಲ್ಲ ಕೆಂಪು ಗೆರೆ.

ಗಿರಿಜಾಂಬ ಆ ಕೈಯನ್ನು ನೋಡಿದರು. ಆದರೆ ಅವರ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. "ಗಿಟಾರ್ ಒರೆಸೋರು ಸ್ಪಿರಿಟ್ ಇಟ್ಕೊಂಡಿರ್ತಾರಾ?"

"ಆ ಗಣೇಶ್ ಇಟ್ಕೊಂಡಿರ್ತಾನೆ. ಯಾವಾಗ್ಲೂ ಜೇಬಲ್ಲಿ ಒಂದು ಬಾಟ್ಲಿ, ಒಂದು ಬಟ್ಟೆ. ಕಂಡಿದ್ದೆಲ್ಲ ಒರೆಸ್ತಾನೆ. ಒಂದು ದಿನ ನನ್ನೇ ಒರೆಸ್ಬಿಡ್ತಾನೇನೋ ಅನ್ನಿಸಿತ್ತು."

ಗಿರಿಜಾಂಬ ನಗಲಿಲ್ಲ. ಬುಟ್ಟಿಯಲ್ಲಿದ್ದ ಇನ್ನೊಂದು ಗುಂಡಿಯನ್ನು ಕೇಳಿ ಪಡೆದು ಬ್ಯಾಗಿಗೆ ಹಾಕಿಕೊಂಡರು. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರೆ. ಮೂವತ್ತು ವರ್ಷ ಊರವರ ಕೈ ನೋಡಿ ಕಳ್ಳರನ್ನು ಹಿಡಿದ ಹೆಂಗಸಿಗೆ ಅವತ್ತು ಬೆಳಗ್ಗೆ ತನಗೆ ಕಾಫಿ ಕೊಟ್ಟ ಕೈ ನೆನಪಿಗೆ ಬರಲಿಲ್ಲ.

*

ಹಳೆಯ ಗಿಟಾರು ಕೊಂಡು ಮಾರುವ ಗಣೇಶನ ಅಂಗಡಿ ಕನಕಪುರದ ಹೆದ್ದಾರಿಯ ಪಕ್ಕ, ಟೈರ್ ಅಂಗಡಿಯ ಮೇಲೆ. ಅವನು ಬಿಳಿ ಗ್ಲೌಸು ಹಾಕಿಕೊಂಡು ಒಂದು ನೀಲಿ ಗಿಟಾರಿನ ಕತ್ತು ಒರೆಸುತ್ತಿದ್ದ.

"ಬನ್ನಿ ಮೇಡಂ. ಗಿಟಾರ್ ಕಲಿಯೋ ಆಸೆ ಬಂತಾ?"

"ಕಲಿಸೋ ಆಸೆ ಬಂದೈತೆ. ಸೋಮವಾರ ರೇಣುಕಾಪ್ರಸಾದ್ ಅವ್ರ ಮನೇಲಿ ಏನು ಕೂಗಾಟ?"

ಅವನ ನಗು ಅರ್ಧಕ್ಕೆ ನಿಂತಿತು. "ನೀವೀಗ ರಿಟೈರ್ಡು ಮೇಡಂ. ನನ್ನ ಕೇಳೋಕೆ ನಿಮಗೆ ಪವರ್ ಇಲ್ಲ."

"ಸರಿ. ಪವರ್ ಇರೋರನ್ನೇ ಕರೀಲಾ?"

ಗಣೇಶ ಎದ್ದು ಹೋಗಿ ಶಟರನ್ನು ಅರ್ಧ ಎಳೆದ. ಒಳಗೆ ಬೆಳಕು ಕಡಿಮೆಯಾಯಿತು. ಕೆಳಗಿನ ಟೈರ್ ಅಂಗಡಿಯ ಸುತ್ತಿಗೆಯ ಸದ್ದು ಮಾತ್ರ ಕೇಳುತ್ತಿತ್ತು. ಗಿರಿಜಾಂಬ ಕುರ್ಚಿಯಿಂದ ಕದಲಲಿಲ್ಲ. ಕೈ ಮಾತ್ರ ಬ್ಯಾಗಿನೊಳಗಿನ ಫೋನಿಗೆ ಹೋಯಿತು.

"ಮೇಡಂ, ನಿಮ್ಮ ಅಳಿಯ ಒಳಗವ್ನೆ. ಅವನ ಬದ್ಲು ನನ್ನ ಹಾಕೋಕೆ ಬಂದಿದ್ದೀರಾ. ಬೀದಿಯೋರ ಮುಂದೆ ಈ ಮಾತು ಬೇಡ ಅಂತ ಶಟರ್ ಎಳ್ದೆ, ತಪ್ಪು ತಿಳ್ಕೋಬೇಡಿ. ಹೂಂ, ಕೂಗಾಡ್ದೆ. ಆ ಗಿಟಾರು ನಂಗೆ ಬೇಕಿತ್ತು. ಡಬ್ಬಿ ಇಲ್ದೆ ಬರೀ ಗಿಟಾರ್ ತಗೊಂಡು ನಾನೇನು ಮಾಡ್ಲಿ, ಗಿಟಾರ್ ಇಲ್ದೆ ಬರೀ ಡಬ್ಬಿ ತಗೊಂಡು ಏನು ಮಾಡ್ಲಿ? ಎರಡೂ ಜೊತೇಲಿದ್ರೇನೇ ಬೆಲೆ. ನಾನು ಕದ್ದಿದ್ರೆ ಗಿಟಾರೂ ಬಿಡ್ತಿರಲಿಲ್ಲ."

ಮಾತು ನ್ಯಾಯವಾಗಿತ್ತು. ಅದೇ ಗಿರಿಜಾಂಬ ಅವರಿಗೆ ಸಿಟ್ಟು ತರಿಸಿತು.

"ಆ ಬಾಟ್ಲಿಲಿ ಏನಿದೆ?"

"ಒರೆಸೋದು."

"ಏನು ಅಂತ ಕೇಳ್ದೆ."

"ಲೈಟರ್‌ಗೆ ಹಾಕೋ ಪೆಟ್ರೋಲು. ಹಳೇ ಅಂಟು, ಜಿಡ್ಡು ಎಲ್ಲಾ ತೆಗೀತದೆ, ಬಣ್ಣ ಮುಟ್ಟಲ್ಲ."

"ಸ್ಪಿರಿಟ್ ಅಲ್ವಾ?"

"ಸ್ಪಿರಿಟ್ಟಾ? ಹಳೇ ಗಿಟಾರ್‌ಗಾ? ಅದಕ್ಕಿಂತ ಆಸಿಡ್ ಹಾಕ್ಬಿಡಿ."

ಗಿರಿಜಾಂಬ ಹಮೀದಾ ಕೊಟ್ಟ ಗುಂಡಿಯನ್ನು ಮೇಜಿನ ಮೇಲಿಟ್ಟು, ಬಾಟ್ಲಿಯನ್ನು ತಾವೇ ಕಿತ್ತುಕೊಂಡು ಬಗ್ಗಿಸಿದರು. ಉಜ್ಜಿದರು. ಮತ್ತೆ ಉಜ್ಜಿದರು. ಕೆಂಪು ಮೊದಲಿಗಿಂತಲೂ ಜೋರಾಗಿ ಹೊಳೆಯಿತು.

ಅವರು ನಂಬಿಕೊಂಡು ಬಂದಿದ್ದ ಕಂಬ ಕೈಯಲ್ಲೇ ಮುರಿಯಿತು. ಹೊರಗೆ ಸೂರ್ಯ ಆಗಲೇ ಪಶ್ಚಿಮಕ್ಕೆ ವಾಲುತ್ತಿದ್ದ.

ಕೊನೆಯದಾಗಿ ಅವರು ಕರವಸ್ತ್ರ ಬಿಚ್ಚಿ ಸ್ಕ್ರೂ ತೋರಿಸಿದರು. ಗಣೇಶ ಡ್ರಾಯರಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಹಿಡಿದ. ಡ್ರಾಯರಿನೊಳಗೆ ಜಪಾನಿ ಸ್ಕ್ರೂಡ್ರೈವರುಗಳ ಒಂದು ಸೆಟ್ಟೇ ಕಾಣಿಸಿತು.

"ಛೆ ಛೆ ಛೆ. ಐವತ್ತು ವರ್ಸದಿಂದ ಚೆನ್ನಾಗಿದ್ದ ಸ್ಕ್ರೂನ ಹಿಂಗೆ ಮಾಡೋದಾ? ಇದು ನಮ್ಮ ಕಸುಬಿನೋರು ಮಾಡಿದ್ದಲ್ಲ ಮೇಡಂ. ಸಿದ್ದರಾಮೂನೂ ಅಲ್ಲ. ಅವನು ನಂಗೆ ಆಗದೋನು, ಆದ್ರೂ ಈ ಮಾತು ಸಾಕ್ಷಿಕಟ್ಟೇಲಿ ನಿಂತು ಬೇಕಾದ್ರೂ ಹೇಳ್ತೀನಿ."

ಗಿರಿಜಾಂಬ ಮುಂದಕ್ಕೆ ಬಗ್ಗಿದರು. "ಹೇಳ್ತೀಯಾ?"

"ಹೇಳ್ತೀನಿ. ನೋಡಿ, ಪ್ಲಸ್ಸಿನ ಎರಡೂ ಮಗ್ಗುಲು ತಿಂದೈತೆ. ಬಿಚ್ಚೋನು ಎಡಕ್ಕೆ ಮಾತ್ರ ತಿರುಗಿಸ್ತಾನೆ. ಇವರು ಮೊದ್ಲು ಬಲಕ್ಕೆ, ಬಿಗಿ ಮಾಡೋ ಕಡೆಗೆ, ಶಕ್ತಿಯೆಲ್ಲ ಹಾಕಿ ತಿರುಗ್ಸವ್ರೆ. ಎಲ್ಲಾ ಸ್ಕ್ರೂನೂ ಹಿಂಗೇನಾ?"

"ಎಲ್ಲಾನೂ."

"ಹಂಗಾದ್ರೆ ಅದು ಅವರ ಕೈ ಅಭ್ಯಾಸ." ಅವನು ಭೂತಗನ್ನಡಿ ಕೆಳಗಿಟ್ಟ. "ಇನ್ನೊಂದು ವಿಷ್ಯ ಐತೆ. ಪೊಲೀಸ್ನೋರು ಕೇಳ್ಲಿಲ್ಲ, ನಾನೂ 'ನಮಗ್ಯಾಕೆ' ಅಂತ ಹೇಳ್ಲಿಲ್ಲ. ಹೋದ ವಾರ ಇಲ್ಲಿಗೆ ಒಂದು ಹೆಂಗಸು ಬಂದಿತ್ತು. ಮೂತಿಗೆ ಮಾಸ್ಕು. ಹಳೇ ಗಿಟಾರಲ್ಲಿ ಒಳಗಿನ ಪಿಕಪ್ಪು ಒರಿಜಿನಲ್ಲಾ, ಬದಲಾಯ್ಸಿದ್ದಾ ಅಂತ ಹೆಂಗೆ ಗೊತ್ತಾಗುತ್ತೆ ಅಂತ ಕೇಳ್ತು. ಬೆನ್ನಿನ ಪ್ಲೇಟ್ ಬಿಚ್ಚಿ ನೋಡ್ಬೇಕು, ಡಬ್ಬಿಲಿರೋದ್ರ ಜೊತೆ ಹೋಲಿಸ್ಬೇಕು ಅಂದೆ."

"ಯಾಕೆ ಅಂತ ಕೇಳ್ಲಿಲ್ವಾ?"

"ಕೇಳ್ದೆ. 'ನಮ್ಮೋರು ತಪ್ಪು ಮಾಡ್ತಾವ್ರೋ ಇಲ್ವೋ ತಿಳ್ಕೋಬೇಕು' ಅಂತು. ಅಳೋ ಹಂಗಿತ್ತು. ನಾನು ಹೆಚ್ಚು ಕೆದಕ್ಲಿಲ್ಲ."

"ವಯಸ್ಸು?"

"ಚಿಕ್ಕದೇ. ಒಂದು ನೆನಪೈತೆ. ಇಲ್ಲಿದ್ದ ಗಿಟಾರ್ ಮುಟ್ಟೋಕೆ ಮುಂಚೆ ಬ್ಯಾಗಿಂದ ಸ್ಯಾನಿಟೈಸರ್ ತೆಗ್ದು ಕೈಗೆಲ್ಲ ಸುರ್ಕೊಂಡ್ತು. ಕೊರೋನಾ ಹೋಗಿ ಯಾವ ಕಾಲ ಆಯ್ತು! ಬ್ಯಾಡಮ್ಮ, ಬಣ್ಣ ಹೋಯ್ತದೆ ಅಂತ ನಾನೇ ತಡ್ದೆ."

ಗಿರಿಜಾಂಬ ಎದ್ದರು. ಎಲ್ಲಿಯೋ ಒಂದು ಮುಳ್ಳು ಚುಚ್ಚಿದಂತಾಯಿತು. ಎಲ್ಲಿ ಎಂದು ನೋಡಿಕೊಳ್ಳಲು ಅವರಿಗೆ ಪುರುಸೊತ್ತಿರಲಿಲ್ಲ, ಮನಸ್ಸೂ ಇರಲಿಲ್ಲ. ಸ್ಯಾನಿಟೈಸರ್ ಇಟ್ಟುಕೊಂಡು ತಿರುಗುವವರು ಜಿಲ್ಲೆಯಲ್ಲಿ ಸಾವಿರ ಮಂದಿ ಇದ್ದಾರು. ಯಾರೋ ಒಬ್ಬ ಹೆಂಗಸು. ಅಂದರೆ ಸಿದ್ದರಾಮು ಅಲ್ಲ. ಅಷ್ಟು ಸಾಕು.

ಮೆಟ್ಟಿಲಿಳಿಯುತ್ತಲೇ ಇನ್ಸ್‌ಪೆಕ್ಟರ್ ಮರಿಸ್ವಾಮಿಗೆ ಫೋನು ಮಾಡಿದರು.

"ಸಾರ್, ಕೋರ್ಟಿಗೆ ಹೊರಡಬೇಡಿ. ನನ್ನ ಅಳಿಯ ಅಲ್ಲ ಅನ್ನೋಕೆ ಕೈಯಲ್ಲಿ ಸಾಕ್ಷಿ ಐತೆ. ಬತ್ತಾ ಇದ್ದೀನಿ."

*

ಮರಿಸ್ವಾಮಿ ಒಳ್ಳೆಯವನು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಮಹಜರು ಬರೆಯುವುದು ಹೇಗೆಂದು ಅವನಿಗೆ ಕಲಿಸಿದವರೇ ಗಿರಿಜಾಂಬ. ಈಗ ಹೆಗಲ ಮೇಲೆ ನಕ್ಷತ್ರಗಳಿದ್ದರೂ ಅವರನ್ನು ಕಂಡರೆ ಅರ್ಧ ಎದ್ದು ನಿಲ್ಲುತ್ತಿದ್ದ.

"ಗಿರಿಜಮ್ಮೋರೆ, ಜೀಪು ರೆಡಿ ಐತೆ. ಏನಿದ್ರೂ ಬೇಗ."

"ಒಂದ್ನಿಮಿಷ ಅವನನ್ನ ಮಾತಾಡಿಸ್ತೀನಿ ಸಾರ್. ಆಮೇಲೆ ನಿಮ್ಮ ಕೈಗೆ ಕೊಡ್ತೀನಿ."

ಸಿದ್ದರಾಮು ಸರಳುಗಳ ಹಿಂದೆ ಗೋಡೆಗೆ ಒರಗಿ ಕೂತಿದ್ದ. ಅತ್ತೆಯನ್ನು ಕಂಡು ಎದ್ದು ಬಂದ. ಅಳಿಯನನ್ನು ಏಕವಚನದಲ್ಲಿ ಮಾತಾಡಿಸಬಾರದೆಂದು ನೆಂಟರು ಎಷ್ಟು ಹೇಳಿದರೂ ಗಿರಿಜಾಂಬ ಕೇಳಿರಲಿಲ್ಲ. ಮಗನನ್ನು ಯಾರಾದರೂ ಬಹುವಚನದಲ್ಲಿ ಕರೆಯುತ್ತಾರೆಯೇ ಎಂಬುದು ಅವರ ವಾದ.

"ಉಂಡೆಯೇನಪ್ಪ?"

"ಕೊಟ್ರು ಅತ್ತೆ. ಸೌಮ್ಯ ಹೆಂಗವ್ಳೆ?"

"ಅವಳ ಚಿಂತೆ ಬಿಡು. ನೀನು ರಾತ್ರಿ ಮನೇಲಿ ಉಣ್ತೀಯ. ಇಲ್ಲಿ ನೋಡು." ಅವರು ಸರಳಿನ ಹತ್ತಿರ ಕರವಸ್ತ್ರ ಬಿಚ್ಚಿದರು. ಅವರ ದನಿಯಲ್ಲಿ ಗೆದ್ದವರ ಸಡಗರವಿತ್ತು. "ಅರ್ಕಾವತಿ ಬೆನ್ನಿನ ಸ್ಕ್ರೂ. ಯಾರೋ ಸಾದಾ ಡ್ರೈವರ್ ಹಾಕಿ ಎಲ್ಲಾನೂ ತಿಂದವ್ರೆ. ನೀನಲ್ಲ ಅನ್ನೋಕೆ ಇದಕ್ಕಿಂತ ಏನು ಬೇಕು? ಆ ಗಣೇಶನೂ ಸಾಕ್ಷಿ ಹೇಳ್ತಾನಂತೆ."

ಸಿದ್ದರಾಮು ಬಗ್ಗಿ ನೋಡಿದ.

ಗಿರಿಜಾಂಬ ಎಷ್ಟೋ ಮುಖಗಳಲ್ಲಿ ಆ ಬದಲಾವಣೆ ನೋಡಿದ್ದರು. ಸುಳ್ಳು ಸಿಕ್ಕಿಬಿದ್ದಾಗ ಬರುವ ಬಿಳುಪು ಅದಲ್ಲ. ಮನೆಯಲ್ಲಿ ಸಾವಾಗಿದೆ ಎಂದು ತಿಳಿದಾಗ ಬರುವ ಬಿಳುಪು.

"ಅತ್ತೆ, ಇದನ್ನ ಯಾರಿಗಾರ ತೋರ್ಸಿದ್ರಾ?"

"ಗಣೇಶನಿಗೆ. ಯಾಕೆ?"

"ಸಾಯೇಬ್ರಿಗೆ?"

"ಈಗ ಕೊಡ್ತೀನಿ."

"ಬ್ಯಾಡಿ." ಅವನ ದನಿ ಪಿಸುಗುಟ್ಟಿಗೆ ಇಳಿಯಿತು. ಸರಳಿನೊಳಗಿಂದ ಕೈ ಚಾಚಿ ಕರವಸ್ತ್ರದ ಅಂಚನ್ನು ಸ್ಕ್ರೂವಿನ ಮೇಲೆ ಮುಚ್ಚಿದ. "ಬಿಚ್ಚಾಕೆ ಮುಂಚೆ ಒಸಿ ಬಿಗಿ ಮಾಡ್ದಂಗೈತೆ. ನಮ್ಮನೆ ಮಿಕ್ಸಿ ತಳ ನೋಡ್ರತ್ತೆ. ನಾನು ನಗ್ತಿರ್ಲಿಲ್ವಾ, ಸೌಮ್ಯ ಸ್ಕ್ರೂ ಜೊತೆ ಜಗಳ ಆಡ್ದಂಗೆ ತಿರುಗಿಸ್ತಾಳೆ ಅಂತ..."

ಗಿರಿಜಾಂಬ ಸರಳು ಹಿಡಿದುಕೊಂಡರು.

"ಕೀ ಅವತ್ತು ಮನೆ ಮೊಳೇಲೇ ಇತ್ತು ಅತ್ತೆ. ತಿಪ್ಪಸಂದ್ರಕ್ಕೆ ಹೋಗೋನು ಯಾಕೆ ತಗೊಂಡೋಗ್ಲಿ? ಒಂದು ತಿಂಗ್ಳಿಂದ ಅವಳು ಏನೋ ಕೇಳ್ಬೇಕು ಅಂತ ಬಂದು ಕೇಳ್ದೆ ಹೋಗೋಳು. ಇಷ್ಟು ಹೊತ್ತು ಗಿಟಾರ್ ರೂಮಲ್ಲಿ ಏನ್ಮಾಡ್ತೀರಾ, ಆ ಹಳೇ ಸಾಮಾನೆಲ್ಲ ಎಲ್ಲೋಯ್ತದೆ ಅಂತ ಒಂದ್ಸಲ ಕೇಳಿದ್ಲು. ನಾನು ರೇಗ್ಬುಟ್ಟೆ."

ಒಂದೊಂದಾಗಿ ಎಲ್ಲವೂ ಬಂದು ಕೂತವು. ಮಾಸ್ಕು. ಸ್ಪಿರಿಟ್ಟಿನ ಸ್ಯಾನಿಟೈಸರ್. ಕಾಫಿ ಲೋಟದ ಅಂಚಿನಲ್ಲಿ ಕೆಂಪು ಉಗುರು. "ಅವ್ರು ಕದಿಯೋರಲ್ಲ ಅಲ್ವಾಮ್ಮ?" ಅದನ್ನು ಅಳುವಿನ ಮಾತು ಎಂದುಕೊಂಡಿದ್ದರು ಗಿರಿಜಾಂಬ. ಅದು ನಿಜವಾಗಿಯೂ ಪ್ರಶ್ನೆಯಾಗಿತ್ತು. ಗಂಡ ಕಳ್ಳನೋ ಅಲ್ಲವೋ ಎಂದು ತಿಳಿಯಲು ಹೋದ ಹುಡುಗಿ ಆ ಮೆಟ್ಟಿಲ ಮೇಲೆ ಏನು ಮಾಡಿದಳು? ತಲೆ ಒಡೆದು ಬಿದ್ದ ಮನುಷ್ಯನನ್ನು ಕಂಡು, ನರ್ಸಾಗಿಯೂ, ಹಾಗೇ ಬಿಟ್ಟು ಬಂದಳೇ? ಹೋಲಿಸಿ ನೋಡಲು ಎತ್ತಿಕೊಂಡ ಡಬ್ಬಿ ಎಲ್ಲಿ?

"ನೀನು ಸುಮ್ನಿರು," ಎಂದರು. "ನಾನು ಅವಳನ್ನ ಕೇಳೋವರ್ಗೂ ನೀನೇನೂ..."

"ಸಾರ್!" ಸಿದ್ದರಾಮು ಸರಳು ಹಿಡಿದು ಕೂಗಿದ. ಇಡೀ ಠಾಣೆ ತಿರುಗಿ ನೋಡಿತು. "ಸಾರ್, ನಾನೇ ತಳ್ಳಿದ್ದು. ಡಬ್ಬಿ ಕದ್ದೋನೂ ನಾನೇ. ಬರ್ಕೊಳ್ಳಿ."

ಮರಿಸ್ವಾಮಿ ಕುರ್ಚಿ ತಳ್ಳಿ ಎದ್ದು ಬಂದ. ಅಳಿಯನ ಮುಖ ನೋಡಿದ, ಅತ್ತೆಯ ಮುಖ ನೋಡಿದ. ಅವನು ದಡ್ಡನಲ್ಲ, ದಡ್ಡನಾಗದಂತೆ ಬೆಳೆಸಿದವರು ಎದುರಿಗೇ ನಿಂತಿದ್ದರು.

"ಇದೇನು ಗಿರಿಜಮ್ಮೋರೆ? ಅವನಲ್ಲ ಅನ್ನೋಕೆ ಸಾಕ್ಷಿ ತತ್ತೀನಿ ಅಂದ್ರಿ. ಅವನು ನೋಡಿದ್ರೆ ನಾನೇ ಅಂತಾನೆ."

ಗಿರಿಜಾಂಬ ಮುಷ್ಟಿ ಮುಚ್ಚಿದರು. ಕರವಸ್ತ್ರದೊಳಗೆ ಸ್ಕ್ರೂವಿನ ತುದಿ ಅಂಗೈಗೆ ಚುಚ್ಚಿತು. ಕೊಟ್ಟರೆ ಮಗಳು. ಕೊಡದಿದ್ದರೆ ಅಳಿಯ. ಬ್ಯಾಗಿನೊಳಗೆ ಅರ್ಕಾವತಿಯ ಕೆಂಪು ಗುಂಡಿ ಬೇರೆ ಇತ್ತು, ಅದರ ಮೇಲೆ ಒಂದು ಹೆಬ್ಬೆರಳಿನ ಕಲೆ.

"ಕೈಯಲ್ಲಿ ಏನೈತೆ?" ಮರಿಸ್ವಾಮಿ ಮೆಲ್ಲಗೆ ಕೇಳಿದ. "ನೀವೇ ಅಲ್ವಾ ನಂಗೆ ಹೇಳ್ಕೊಟ್ಟಿದ್ದು. ಸಾಕ್ಷಿ ಸಿಕ್ಕಿದ್ರೆ ಅದು ಯಾರ ಕಡೆ ಬೆರಳು ತೋರಿಸ್ತದೆ ಅಂತ ನೋಡ್ತಾ ಕೂರ್ಬಾರ್ದು, ಮೊದ್ಲು ಮೇಜಿನ ಮೇಲೆ ಇಡ್ಬೇಕು ಅಂತ." ಅವನು ಅಂಗೈ ಚಾಚಿದ. "ಕೊಡಿ."

ಠಾಣೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಊಟದ ಕ್ಯಾರಿಯರ್ ಹಿಡಿದು ಸೌಮ್ಯಶ್ರೀ ಒಳಗೆ ಬಂದಳು. ನರ್ಸಿಂಗ್ ಹೋಮಿನಿಂದ ನೇರ ಬಂದಿದ್ದಳು, ಬಿಳಿ ಕೋಟಿನಲ್ಲಿ ಸ್ಪಿರಿಟ್ಟಿನ ವಾಸನೆಯಿತ್ತು. ಸರಳಿನ ಹಿಂದಿದ್ದ ಗಂಡನನ್ನು ನೋಡಿದಳು. ಇನ್ಸ್‌ಪೆಕ್ಟರ್ ಚಾಚಿದ ಕೈ ನೋಡಿದಳು. ಕೊನೆಗೆ ಅಮ್ಮನ ಮುಚ್ಚಿದ ಮುಷ್ಟಿ ನೋಡಿದಳು.

"ಸೌಮ್ಯಾ, ನೀನು ಮನೆಗೋಗು," ಎಂದ ಸಿದ್ದರಾಮು. ಅದು ಬೇಡಿಕೆಯ ಹಾಗಿತ್ತು.

ಅವಳು ಹೋಗಲಿಲ್ಲ. ಕ್ಯಾರಿಯರನ್ನು ಮೇಜಿನ ಮೇಲಿಟ್ಟು, ಅಮ್ಮನ ಹತ್ತಿರ ಬಂದು, ಆ ಮುಷ್ಟಿಯ ಮೇಲೆ ತನ್ನ ಕೈಯಿಟ್ಟಳು. ಹೆಬ್ಬೆರಳಿನ ಉಗುರಂಚಿನಲ್ಲಿ ಕೆಂಪು ಗೆರೆ ಇನ್ನೂ ಹಾಗೇ ಇತ್ತು.

"ಕೊಟ್ಬಿಡಮ್ಮ," ಎಂದಳು. "ಅವ್ರನ್ನ ಬಿಡಿಸ್ಕೊಂಡು ಬತ್ತೀನಿ ಅಂತ ಹೇಳಿದ್ಯಲ್ಲ."